ಹಗೇವಿಗೆ ಇಳಿಸಿದ ದೀಪ

ರಂಗಂಪೇಟೆಯ ನಮ್ಮ ಮನೆಯಲ್ಲಿ ನಡೆದರೆ ಒಂದು ಕಡೆ ಹೆಜ್ಜೆಯ ಸದ್ದು ಬದಲಾಗುತ್ತಿತ್ತು. ತಲೆಬಾಗಿಲಿನಿಂದ ಗಾಣದ ಕೋಣೆಯವರೆಗೆ ನೆಲ ಗಟ್ಟಿ. ಕೋಣೆ ದಾಟಿ ಹಿತ್ತಲಿನ ಬೇವಿನ ಗಿಡದ ಹತ್ತಿರ ಬಂದರೆ ಐದಾರು ಹೆಜ್ಜೆ ಮಾತ್ರ ಟೊಳ್ಳು. ಅದರ ಕೆಳಗೆ ನಮ್ಮ ಹಗೇವು ಇತ್ತು. ಈಗಿನ ಮಕ್ಕಳಿಗೆ ಹಗೇವು ಎಂದರೆ ವಿವರಿಸಿ ಹೇಳಬೇಕಾಗುತ್ತದೆ. ಜೋಳ ಹುಳ ಹಿಡಿಯದಿರಲೆಂದು ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟು ಚಿಕ್ಕದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು, ಸುತ್ತ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಕೆಡುತ್ತಿದ್ದದ್ದು ಒಳಗಿನ ಗಾಳಿ. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಇಳಿದವನು ಕೂಗುವುದಕ್ಕೂ ಮೊದಲೇ ಕುಸಿಯುತ್ತಾನೆ. ಅದಕ್ಕೇ ಬೇವಿನ ಗಿಡಕ್ಕೆ ಹೊಡೆದ ಗೂಟದಲ್ಲಿ ಸದಾ ಎರಡು ವಸ್ತು ತೂಗುತ್ತಿದ್ದವು: ಒಂದು ಸೇದುವ ಹಗ್ಗ, ಇನ್ನೊಂದು ಉದ್ದ ದಾರ ಕಟ್ಟಿದ ಹಿತ್ತಾಳೆಯ ದೀಪ. ಯಾರೇ ಇಳಿಯುವ ಮೊದಲು ದೀಪ ಇಳಿಯಬೇಕು. ಅದು ಉರಿದರೆ ಮನುಷ್ಯ ಇಳಿಯಬಹುದು.

ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಆ ಹಗೇವಿನಲ್ಲೇ ಸತ್ತವನು. ನಾನಾಗ ಹುಟ್ಟಿರಲಿಲ್ಲ. ಅಪ್ಪನ ತಮ್ಮ, ನಮ್ಮ ಮಲ್ಲಪ್ಪ ಕಾಕಾನಿಗೆ ಆಗ ಹತ್ತು ವರ್ಷವಂತೆ. ದೀಪ ಇಳಿಸುವ ಕೆಲಸ ಅವನದು. ಮುತ್ಯಾ ದೀಪ ಉರಿಯಿತೇನೋ ಎಂದು ಕೇಳಿದರೆ, ಗೋಲಿ ಆಡುವ ಅವಸರದಲ್ಲಿದ್ದ ಕಾಕಾ ಉರಿಯಿತು ಎಂದು ಹೇಳಿಬಿಟ್ಟ. ದೀಪ ಗೂಟದಲ್ಲೇ ಇತ್ತು. ಇದನ್ನು ಮನೆಯಲ್ಲಿ ಯಾರೂ ಅವನ ಎದುರಿಗೆ ಆಡುತ್ತಿರಲಿಲ್ಲ. ಆದರೆ ಅಂದಿನಿಂದ ಆಯಿ, ಅಂದರೆ ನನ್ನ ಅಜ್ಜಿ, ಒಂದು ಕಟ್ಟುಪಾಡು ಮಾಡಿದ್ದಳು. ಯಾರ ಬಾಯಲ್ಲೇ ಆಗಲಿ "ದೀಪ ಆರೇದ" ಎಂಬ ಮಾತು ಬಂದರೆ, ಕೇಳಿದವರು ಏನು ಮಾಡುತ್ತಿದ್ದರೂ ಬಿಟ್ಟು ಹಗ್ಗಕ್ಕೆ ಓಡಬೇಕು. ಒಳಗೆ ಯಾರಿದ್ದಾರೆ, ಯಾಕಿಳಿದರು ಎಂದು ಕೇಳುವಂತಿಲ್ಲ. ನಾನು ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಸುಮ್ಮನೆ ತಮಾಷೆಗೆ ಆ ಮಾತು ಕೂಗಿದೆ. ಗಾಣದ ಕೋಣೆಯಿಂದ ಕಾಕಾ ಎಣ್ಣೆಗೈಯಲ್ಲೇ ಓಡಿ ಬಂದು, ಹಗ್ಗ ಕಿತ್ತುಕೊಂಡು, ಕಲ್ಲು ಸರಿಸಿ ನೋಡಿದ. ನಾನು ನಗುತ್ತಿದ್ದೆ. ಅವನು ನನ್ನನ್ನು ಹೊಡೆದ, ಆಮೇಲೆ ಬೇವಿನ ಬುಡದಲ್ಲಿ ಕೂತ. ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದೇ ಇದ್ದ. ಬೆನ್ನ ಮೇಲೆ ಎದ್ದಿದ್ದ ಬಾಸುಂಡೆಗಿಂತ ಆ ಕೈಗಳನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

ನನ್ನ ಹೆಸರು ಹುಸೇನವ್ವ. ನನಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲ. ಅವ್ವ ಮೊಹರಂನಲ್ಲಿ ಕೂಡಿಸುವ ಅಲಾಯಿ ದೇವರಿಗೆ ಹರಕೆ ಹೊತ್ತಳು, ನಾನು ಉಳಿದೆ, ದೇವರ ಹೆಸರೇ ನನಗೆ ಬಂತು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಓಣಿಯಲ್ಲಿ ಇಮಾಮಪ್ಪ ಎಂಬ ಲಿಂಗವಂತನಿದ್ದ, ಫಕೀರಪ್ಪ ಎಂಬ ಕುರುಬನಿದ್ದ. ಮೊಹರಂ ಬಂತೆಂದರೆ ನಾನು ಫಕೀರಳಾಗಿ ಕೊರಳಿಗೆ ಕೆಂಪು ಲಾಡಿ ಕಟ್ಟಿಸಿಕೊಂಡು ಐದು ಮನೆ ಬೇಡುತ್ತಿದ್ದೆ. ಲಾಡಿ ಕಟ್ಟುತ್ತಿದ್ದವನು ಪಕ್ಕದ ಮನೆಯ ಕಾಸೀಮಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ, ಜೊತೆಗೆ ಅಲಾಯಿ ದೇವರ ಪೂಜಾರಿ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದಳು, ಮಗ ಖಾದರನೊಬ್ಬನೇ. ಇಬ್ಬರ ರೊಟ್ಟಿಯೂ ನಮ್ಮ ಹಂಚಿನ ಮೇಲೇ ಬೇಯುತ್ತಿತ್ತು; ಮೊಹರಂಗೆ ಮಾತ್ರ ಮಾಮಾ ತಾನೇ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡಿ, ಮೊದಲನೆಯದನ್ನು ನನ್ನ ಕೈಗೆ ಇಡುತ್ತಿದ್ದ. ಬೆಳಗಾದರೆ ನಮ್ಮ ಗಾಣದ ಕಿರಗುಟ್ಟುವಿಕೆ ಒಂದು ಕಡೆ, ಗೋಡೆಯಾಚೆ ಅವನ ಹತ್ತಿ ಹಿಂಜುವ ಬಿಲ್ಲಿನ ಢುಂಯ್ ಢುಂಯ್ ಇನ್ನೊಂದು ಕಡೆ. ಇವೆರಡೂ ಕೇಳಿಸುವವರೆಗೆ ಲೋಕ ಸರಿಯಾಗಿದೆ ಎಂದು ನಾನು ತಿಳಿದಿದ್ದೆ.

ಹೈದರಾಬಾದಿನ ಆಳಿಕೆ ಅಲುಗಾಡತೊಡಗಿದ ವರ್ಷ ಓಣಿಗೆ ಖಾಕಿ ಅಂಗಿಯವರು ಬಂದರು. ಅವರು ಸರ್ಕಾರದ ಪೊಲೀಸರಲ್ಲ, ಕೈಯಲ್ಲಿ ಲಾಠಿ, ಈಟಿಯಂಥ ಬರ್ಚಿ ಹಿಡಿದು ತಾವೇ ಹುಟ್ಟಿಕೊಂಡ ದಂಡು. ಶಹಾಪುರದ ಪೇಟೆಯಲ್ಲಿ ಕವಾಯತು ಮಾಡಿಸುತ್ತಾರೆ, ಸುರಪುರದಲ್ಲಿ ಅಂಗಡಿ ಮುಚ್ಚಿಸಿದರು ಎಂಬ ಸುದ್ದಿ ಎಣ್ಣೆ ಒಯ್ಯಲು ಬಂದವರ ಬಾಯಲ್ಲಿ ಬರುತ್ತಿತ್ತು. ಸುದ್ದಿ ಹೇಳುವವರ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ದಿನ ಖಾದರನೂ ಖಾಕಿ ತೊಟ್ಟ. ಹುಟ್ಟಿದಾಗಿನಿಂದ ಯಾರದೋ ಗಾದಿಗೆ ಹತ್ತಿ ಹಿಂಜುತ್ತಿದ್ದ, ಮೂಗಿನೊಳಗೆಲ್ಲ ಹತ್ತಿಯ ಧೂಳು ತುಂಬಿಕೊಂಡು ಕೆಮ್ಮುತ್ತಿದ್ದ ಹುಡುಗನಿಗೆ ಅವರು ನೀನು ಬಾದಶಹಾ ಎಂದು ಹೇಳಿಕೊಟ್ಟಿದ್ದರು. ಅವನು ನಂಬಿದ. ನಾವು ಊಟಕ್ಕೆ ಕೂತಿದ್ದಾಗ ಇನ್ನಿಬ್ಬರನ್ನು ಕಟ್ಟಿಕೊಂಡು, ಮೊದಲ ಸಲ ಚಪ್ಪಲಿ ಬಿಡದೆ, ಪಡಸಾಲೆಗೆ ಬಂದ. ಅವನ ಹೆಗಲ ಮೇಲೆ ಕೂತು ನಾನು ಎಷ್ಟೋ ಸಲ ಅಲಾಯಿ ಕುಣಿತ ನೋಡಿದ್ದೆ.

"ಏ ಹುಡುಗಿ, ನಿನ್ನ ಹೆಸರೇನು?"

ನನಗೆ ನಗು ಬಂತು.

"ಯಾಕ ಖಾದರಣ್ಣ, ಮರವು ಬಂದದೇನು ನಿನಗ?"

ಜೊತೆಗಿದ್ದವನು ಲಾಠಿಯಿಂದ ನನ್ನ ತಾಟಿನ ಅಂಚಿಗೆ ಹೊಡೆದ. ಪುಂಡಿಪಲ್ಯ ಗೋಡೆಗೆ ಸಿಡಿಯಿತು.

"ಅದು ನಮ್ಮವರ ಹೆಸರು. ಇವತ್ತಿನಿಂದ ಹಾಂಗ ಕರೀಬ್ಯಾಡ್ರಿ" ಎಂದ ಖಾದರ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. "ನಮ್ಮೊಳಗ ಹುಟ್ಟಿದವ ಹುಟ್ಟಿದಾಗಿಂದ್ಲೇ ಬಾದಶಹಾ. ಉಳಿದವ್ರು ನಮ್ಮ ಕೈಕೆಳಗ ಇರ್ಬೇಕು."

ಅಪ್ಪ ಎಂಜಲು ಕೈಯಲ್ಲೇ ಎದ್ದು ನಿಂತ.

"ಆತ್ರಿ ಸಾಹೇಬ್ರ. ಬಸವ್ವ ಅಂತ ಕರೀತೀವ್ರಿ."

ಅಪ್ಪ ಖಾದರನಿಗೆ ರೀ ಹಚ್ಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಖಾದರನೂ ಅದೇ ಮೊದಲು ಕೇಳಿರಬೇಕು, ಬಾಗಿಲಲ್ಲಿ ಎಡವಿದ. ಅವರು ಹೋದ ಮೇಲೆ ಕಾಸೀಮಸಾಬ ಮಾಮಾ ಬಂದ. ದಿನಾ ಕೂಡುತ್ತಿದ್ದ ಕಟ್ಟೆ ಬಿಟ್ಟು ಹೊಸ್ತಿಲ ಹೊರಗೆ ನೆಲದ ಮೇಲೆ ಕೂತ. ಪಿಂಜಾರರ ಮನೆಮಾತು ಕನ್ನಡವೇ, ಖಾದರನಿಗೆ ಉರ್ದು ನೆಟ್ಟಗೆ ಬರುತ್ತಿರಲಿಲ್ಲ.

"ನನ್ನ ಮಗಾ ಬಾದಶಹಾ ಆಗ್ಯಾನಂತ, ಯವ್ವಾ" ಎಂದ ಆಯಿಗೆ. "ಅವರ ಆಸ್ಥಾನದ ಮಾತೇ ಅವನಿಗೆ ಬರಂಗಿಲ್ಲ. ಮುಂಜಾನಿ ನಿಮ್ಮ ಮನಿ ರೊಟ್ಟಿ ತಿಂದು ಹೋಗ್ಯಾನ, ಬಾದಶಹಾ."

ಆಯಿ ಅವನಿಗೆ ಒಂದು ತಂಬಿಗೆ ನೀರು ಕೊಟ್ಟಳು. ಒಳಗೆ ಬಂದು ಮಾತ್ರ ಅಪ್ಪನ ಮೇಲೆ ಹರಿಹಾಯ್ದಳು. ದೇವರು ಕೊಟ್ಟ ಹೆಸರನ್ನು ಕೊಟ್ಟುಬಿಡಲು ನೀನ್ಯಾರು ಎಂದು ಅವಳ ವಾದ. ಮಗಳು ಉಳಿದರೆ ಹೆಸರು ಉಳಿದೀತು ಎಂದು ಅಪ್ಪನ ವಾದ. ಆ ಜಗಳ ಮುಗಿಯಲೇ ಇಲ್ಲ. ಅಪ್ಪ ಬಸವ್ವ ಎಂದು ಕರೆದರೆ ಆಯಿ ನನ್ನನ್ನು ಹೋಗಗೊಡುತ್ತಿರಲಿಲ್ಲ. ಆಯಿ ಹುಸೇನಿ ಎಂದರೆ ಅಪ್ಪ ಬಾಗಿಲ ಕಡೆ ನೋಡುತ್ತಿದ್ದ. ಅವ್ವ ಇಬ್ಬರಿಗೂ ಹೆದರಿ "ಏ ಹುಡುಗಿ" ಎನ್ನತೊಡಗಿದಳು. ಸ್ವಂತ ಮನೆಯಲ್ಲಿ ಹೆಸರಿಲ್ಲದೆ ಓಡಾಡುವುದು ಏನೆಂದು ನನಗೆ ಆಗ ತಿಳಿಯಿತು, ಅವ್ವನ ಮೇಲೆ ಇವತ್ತಿಗೂ ಅದೊಂದು ಸಿಟ್ಟಿದೆ.

ಸ್ವಲ್ಪ ದಿನಕ್ಕೆ ಖಾಕಿಯವರು ಕಾಕಾನನ್ನು ಹಿಡಿದರು. ಚಾವಡಿಯ ಮುಂದಿನ ಕಂಬಕ್ಕೆ ಕಟ್ಟಿ, ಊರೆಲ್ಲ ನೋಡುತ್ತಿರುವಾಗ, ನಾನು ಗುಲಾಮ ಎಂದು ಅವನ ಬಾಯಿಂದಲೇ ಹೇಳಿಸಿದರು. ಎಷ್ಟು ಏಟಿನ ಮೇಲೆ ಹೇಳಿದ ಎಂದು ನಾನು ಯಾರನ್ನೂ ಕೇಳಲಿಲ್ಲ. ಮರುದಿನ ಅವನು ಸಂಸ್ಥಾನದ ಗಡಿಯಾಚೆ ಹೋದ. ಅಲ್ಲಿ ನಮ್ಮವರ ಕ್ಯಾಂಪು ಇದೆ, ಬಂದೂಕು ಹೊಡೆಯಲು ಕಲಿಸುತ್ತಾರೆ ಎಂದು ಜನ ಹೇಳುತ್ತಿದ್ದರು. ಆಮೇಲೆ ಓಣಿಯ ಹೆಂಗಸರಿಗೆ ದಿನ ಕಳೆಯುವುದೇ ಕಷ್ಟವಾಯಿತು. ಅಪ್ಪ ಹಗೇವಿನ ಜೋಳ ತೆಗೆದು ಅಟ್ಟಕ್ಕೆ ಹಾಕಿದ, ಕಲ್ಲನ್ನು ಸ್ವಲ್ಪ ಸರಿಸಿ ಗಾಳಿಯಾಡಲು ಬಿಟ್ಟ. ಖಾಕಿಯವರು ಓಣಿಯ ತುದಿಗೆ ಬಂದರೆ ಮಾಮಾ ಹತ್ತಿ ಇಲ್ಲದ ಬರೀ ಬಿಲ್ಲಿನ ತಂತಿಯನ್ನು ಮೂರು ಸಲ ಮೀಟುತ್ತಿದ್ದ. ಹತ್ತಿ ಮೇಲೆ ಬೀಳುವ ಸದ್ದು ದಪ್ಪ, ಖಾಲಿ ತಂತಿಯದು ತೆಳ್ಳಗೆ. ಆ ತೆಳ್ಳಗಿನ ಸದ್ದು ಕೇಳಿದ ಕೂಡಲೇ ಅಪ್ಪ ದೀಪ ಇಳಿಸುತ್ತಿದ್ದ, ದೀಪ ಉರಿಯುತ್ತಿತ್ತು, ಅವ್ವ ನಾನು ಇಳಿಯುತ್ತಿದ್ದೆವು. ಒಳಗೆ ಹಳೆಯ ಜೋಳದ ವಾಸನೆ, ಕಾಲಿಗೆ ಅಂಟುವ ಕಾಳು, ನನ್ನ ಬಾಯಿಯ ಮೇಲೆ ಅವ್ವನ ಕೈ. ಮೇಲೆ ಖಾದರನ ಚಪ್ಪಲಿ ಟೊಳ್ಳು ನೆಲದ ಮೇಲೆ ನಡೆಯುವುದು ಕೇಳಿಸುತ್ತಿತ್ತು. ಕೆಳಗೆ ಹಗೇವಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಮ್ಮೆಯೂ ಕಲ್ಲು ಎತ್ತಿಸಲಿಲ್ಲ. ಅದಕ್ಕಾಗಿ ಅವನನ್ನು ಮನ್ನಿಸಬೇಕೋ ಬೇಡವೋ ನನಗೆ ತಿಳಿಯದು. ಬೇರೆಯವರ ಮನೆಯಲ್ಲಿ ಎತ್ತಿಸಿದ್ದಾನೆ ಎಂದು ಕೇಳಿದ್ದೇನೆ.

ಆಮೇಲೆ ಮಿಲಿಟ್ರಿ ಬಂತು. ಸುರಪುರದ ದಾರಿಯಲ್ಲಿ ಒಂದು ಮುಂಜಾನೆ ಗಾಡಿಗಳ ಸಾಲು ಹೋಯಿತು, ಸಂಜೆಯೊಳಗೆ ಖಾಕಿ ಅಂಗಿಯವರು ಒಬ್ಬರೂ ಕಾಣಲಿಲ್ಲ. ಜನ ಸಕ್ಕರೆ ಹಂಚಿದರು. ಅಪ್ಪ ಇನ್ನು ಹೆದರಿಕೆಯಿಲ್ಲ ಎಂದು, ಮಳೆಗೆ ಅಟ್ಟದಲ್ಲಿ ತಂಪು ಹಿಡಿಯುತ್ತಿದ್ದ ಜೋಳವನ್ನು ಮತ್ತೆ ಹಗೇವಿಗೆ ಸುರಿದು, ಅರ್ಧ ತುಂಬಿಸಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ನಾವೆಲ್ಲ ಕೂಡಿಯೇ ಮೆತ್ತಿದೆವು, ನನ್ನ ಅಂಗೈ ಗುರುತೂ ಅದರ ಮೇಲಿತ್ತು. ಮೂರನೆಯ ದಿನ ಊರ ಹೊರಗಿನ ಬಾವಿಯಲ್ಲಿ ಖಾದರ ತೇಲಿದ. ಅವನ ಮೈಮೇಲೆ ಅಂಗಿ ಇರಲಿಲ್ಲ. ಮಾಮಾ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ, ಆಮೇಲೆ ಬಿಲ್ಲು ಮುಟ್ಟಲಿಲ್ಲ. ನಮ್ಮ ಗಾಣ ಕಿರಗುಟ್ಟುತ್ತಿತ್ತು, ಗೋಡೆಯಾಚೆ ಏನೂ ಇಲ್ಲ. ಕಳೆದ ವರ್ಷವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ನಮ್ಮ ಓಣಿಯ ಗಂಡಸರು ಈಗ ಗುಂಪುಗುಂಪಾಗಿ ನಿಂತು ಮಾತಾಡುತ್ತಿದ್ದರು. ಆಯಿ ಹತ್ತಿರ ಹೋದರೆ ಮಾತು ನಿಲ್ಲಿಸುತ್ತಿದ್ದರು.

ಕಾಕಾ ಹೂವಿನ ಹಾರ ಹಾಕಿಸಿಕೊಂಡು ಬಂದ. ನಾನು ಓಡಿಹೋಗಿ ಅವನ ಕಾಲು ಅಪ್ಪಿಕೊಂಡೆ, ಅವನು ಎತ್ತಿ ಮುದ್ದಿಸಿದ. ಆಯಿ ಹೋಳಿಗೆ ಮಾಡಿದ್ದಳು. ಊಟದ ಹೊತ್ತಿಗೆ ಅವನ ಮಾತು ಶುರುವಾಯಿತು. ಮಾತು ಹೊಸದು, ದನಿ ದೊಡ್ಡದು, ಗಡಿಯಾಚೆ ಯಾರೋ ಕೂತು ಕಲಿಸಿದ್ದು.

"ಈ ಮಣ್ಣು ನಮ್ದು, ಮಾಲಕರು ನಾವು. ಉಳಿದವ್ರು ನಮ್ಮ ಕೈಕೆಳಗ ಇರ್ಬೇಕು. ಇರಂಗಿಲ್ಲಂದ್ರ ಇಲ್ಲಿ ಇರಬಾರದು."

ಆಯಿ ತುಪ್ಪದ ಗಿಂಡಿ ನೆಲಕ್ಕಿಟ್ಟಳು.

"ಇದನ್ನ ಎಲ್ಲೋ ಕೇಳೀನಿ" ಎಂದಳು.

"ಎಲ್ಲಿ ಕೇಳೀದಿ?"

"ಇಲ್ಲೇ. ನೀ ಕುಂತೀಯಲ್ಲ, ಅಲ್ಲೇ ನಿಂತು ಖಾದರ ಹೇಳ್ದ."

ಕಾಕಾ ತಾಟು ದೂಡಿದ. ಕಂಬಕ್ಕೆ ಕಟ್ಟಿಸಿಕೊಂಡವನು ನಾನು, ನೀನಲ್ಲ ಎಂದು ಕೂಗಿದ. ಅಂಗಿ ಎತ್ತಿ ಬೆನ್ನು ತೋರಿಸಿದ. ಅದನ್ನು ನೋಡಿ ಅವ್ವ ಅತ್ತಳು, ನಾನೂ ಅತ್ತೆ. ಅವನ ನೋವು ಸುಳ್ಳಾಗಿರಲಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿ, ಇನ್ನೂ ಆ ಹೆಸರು ಯಾಕೆ, ಬಸವ್ವ ಅನ್ನಿ ಎಂದ. ನನ್ನ ಹೆಸರಿನ ವಿಷಯದಲ್ಲಿ ಖಾದರನೂ ಕಾಕಾನೂ ಒಂದೇ ತೀರ್ಪು ಕೊಟ್ಟಿದ್ದರು. ಎಷ್ಟೋ ವರ್ಷ ಕಳೆದು, ಮೊನ್ನೆ ನನ್ನ ಮೊಮ್ಮಗಳು ಟೀವಿ ನೋಡುತ್ತಿದ್ದಳು. ಅಮೆರಿಕದಲ್ಲಿ ಬಿಳಿ ತೊಗಲಿನ ಗಂಡಸರು, ಇಸ್ತ್ರಿ ಮಾಡಿದ ಅಂಗಿ ತೊಟ್ಟವರು, ಪಂಜು ಹಿಡಿದು ಕೂಗುತ್ತ ನಡೆಯುತ್ತಿದ್ದರು. ಅವರು ಏನೆನ್ನುತ್ತಿದ್ದಾರೆ ಎಂದು ಅವಳು ನನಗೆ ಕನ್ನಡ ಮಾಡಿ ಹೇಳಲು ಹೊರಟಳು. ಬೇಡವ್ವ, ಆ ಮಾತು ನನಗೆ ಬರುತ್ತದೆ ಎಂದೆ. ಅವಳು ನಕ್ಕಳು, ಅಜ್ಜಿಗೆ ಇಂಗ್ಲಿಷ್ ಯಾವಾಗ ಬಂತು ಎಂದು.

ಮರುದಿನ ಕಾಸೀಮಸಾಬನ ಬಾಗಿಲಿನ ಮೇಲೆ ಕೆಮ್ಮಣ್ಣಿನ ಗೀಟು ಕಂಡಿತು. ನಮ್ಮ ಓಣಿ, ಮುಂದಿನ ಓಣಿ ಸೇರಿ ಅಂಥ ಒಂಬತ್ತು ಬಾಗಿಲುಗಳಿದ್ದವು. ನಾನು ಎಣಿಸಿ ಬಂದು ಹೇಳಿದೆ, ಅದೊಂದು ಆಟವೆಂದು ತಿಳಿದು. ಆಯಿ ಅರ್ಧ ಬಡಿದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು. ಅಪ್ಪನನ್ನು, ಓಣಿಯ ಎಲ್ಲ ಗಂಡಸರನ್ನೂ, ಕಾಕಾನ ಕಡೆಯವರು ಚಾವಡಿಗೆ ಕರೆಸಿಕೊಂಡಿದ್ದರು. ಆಯಿ ಹಿತ್ತಲ ಗೋಡೆಯ ಕಿಂಡಿಯಿಂದ ಮಾಮಾನನ್ನು ಕೈಹಿಡಿದು ಎಳೆದುಕೊಂಡು ಬಂದಳು. ಅವನು ಬರಲು ಒಲ್ಲೆ ಎನ್ನುತ್ತಿದ್ದ.

"ಮಗನ್ನ ಕಳಕೊಂಡೀನಿ, ಇನ್ನ ಯಾಕ ಬೇ ನನಗ ಜೀವ?"

"ನೀ ತಂತಿ ಬಾರಿಸಿದ್ದಕ್ಕ ನನ್ನ ಸೊಸಿ ಉಳದಾಳ, ಮೊಮ್ಮಗಳು ಉಳದಾಳ. ಬಾಯಿ ಮುಚ್ಚಿಕೊಂಡು ಇಳಿ."

ಅವ್ವ, ಆಯಿ ಸೇರಿ ಹಾರೆಯಿಂದ ಮಣ್ಣು ಕೆತ್ತಿ ಕಲ್ಲು ಸರಿಸಿದರು. ಎಷ್ಟೋ ಸಲ ನಾವೇ ಅಡಗಿ ಕೂತು ಬದುಕಿ ಬಂದ ಜಾಗ ಅದು. ಅದರೊಳಗೆ ಕೇಡಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಓಣಿಯ ತುದಿಯಲ್ಲಿ ಆಗಲೇ ಜಯಕಾರ ಕೇಳಿಸುತ್ತಿತ್ತು. ಮಾಮಾ ಬಾಯಿಯ ಕೆಳಗಿನ ಮೆಟ್ಟುಗಲ್ಲಿನ ಮೇಲೆ ಕಾಲಿಟ್ಟು, ಎರಡೂ ಕೈಯಿಂದ ಗೋಡೆ ಹಿಡಿದು, ಇಳಿದ. ಅವ್ವ, ಆಯಿ ಕಲ್ಲನ್ನು ನಾಲ್ಕು ಬೆರಳಷ್ಟು ಸಂದು ಬಿಟ್ಟು ಎಳೆದು, ಮೇಲೆ ಒಂದು ಗೋಣಿ ಹಾಸಿ, ನನ್ನನ್ನು ಕೂರಿಸಿ, ಮುಂದೆ ಮೊರದಲ್ಲಿ ಶೇಂಗಾ ಸುರಿದರು. ಸುಲಿಯುತ್ತಿರು, ಏಳಬೇಡ ಎಂದು ಹೇಳಿ ಇಬ್ಬರೂ ಮುಂಬಾಗಿಲಿಗೆ ಓಡಿದರು.

ನಾನು ಸುಲಿಯುತ್ತ ಕೂತೆ. ಕೆಳಗಿನಿಂದ ಎರಡು ಸಲ ಕೆಮ್ಮು ಬಂತು. ನಾನು ಕಲ್ಲಿನ ಮೇಲೆ ಬೆರಳಿನಿಂದ ತಟ್ಟಿದೆ, ಮಾಮಾ ತಿರುಗಿ ತಟ್ಟಿದ. ಮತ್ತೆ ತಟ್ಟಿದೆ. ಅವನು ತಟ್ಟಿದ್ದು ಸ್ವಲ್ಪ ಹೊತ್ತಿನ ಮೇಲೆ. ಮೂರನೆಯ ಸಲ ತಟ್ಟಿದಾಗ ಉತ್ತರ ಬರಲಿಲ್ಲ. ಆಗ ತಲೆಯೆತ್ತಿ ನೋಡಿದೆ. ಗೂಟದಲ್ಲಿ ದೀಪ ತೂಗುತ್ತಿತ್ತು.

ಗೋಣಿ ಎಳೆದು, ದೀಪ ಇಳಿಸಿಕೊಂಡು, ಅಡುಗೆಮನೆಗೆ ಹೋಗಿ ಒಲೆಯ ಕೊಳ್ಳಿಯಿಂದ ಹಚ್ಚಿಕೊಂಡು ಬಂದೆ. ಕೈ ಅಡ್ಡ ಹಿಡಿದು ಬಂದೆ, ಗಾಳಿಗೆ ಆರಬಾರದೆಂದು. ಸಂದಿನೊಳಗೆ ಇಳಿಬಿಟ್ಟೆ. ಒಂದು ಮೊಳವೂ ಇಳಿಯಲಿಲ್ಲ, ಉರಿ ಬತ್ತಿಯನ್ನು ಬಿಟ್ಟು ಆರಿತು. ಒಳಗೆ ಮೆಟ್ಟುಗಲ್ಲಿನ ಪಕ್ಕ ಮಾಮಾನ ಬಿಳಿ ಟೊಪ್ಪಿಗೆ ಕಂಡಂತಾಯಿತು, ಅಲುಗಾಡುತ್ತಿರಲಿಲ್ಲ. ಕಲ್ಲು ದೂಡಲು ನೋಡಿದೆ, ನನ್ನ ಕೈಲಿ ಆಗಲಿಲ್ಲ. ಮುಂಬಾಗಿಲ ಕಡೆಯಿಂದ ಆಯಿಯ ದನಿ, ಕಾಕಾನ ದನಿ. ಕೂಗಿದರೆ ಕಾಕಾನ ಕಡೆಯವರಿಗೆ ತಿಳಿಯುತ್ತದೆ, ಅವರು ಮಾಮಾನನ್ನು ಕೊಲ್ಲುತ್ತಾರೆ. ಕೂಗದಿದ್ದರೆ ಇಲ್ಲೇ ಸಾಯುತ್ತಾನೆ. ಎಂಟು ವರ್ಷದ ತಲೆಗೆ ಇದು ಇಷ್ಟು ಬಿಡಿಬಿಡಿಯಾಗಿ ಹೊಳೆಯಿತೋ ಇಲ್ಲವೋ ಗೊತ್ತಿಲ್ಲ, ಓಡುವಾಗ ಉಚ್ಚೆ ಹೋಗಿ ಲಂಗ ಒದ್ದೆಯಾಗಿದ್ದು ನೆನಪಿದೆ. ಹೊಸ್ತಿಲಲ್ಲಿ ಆಯಿ ಎರಡೂ ಕೈ ಚಾಚಿ ನಿಂತಿದ್ದಳು. ಹೊರಗೆ ಕಾಕಾ, ಅವನ ಹಿಂದೆ ಕುಡಗೋಲು ಕೊಡಲಿ ಹಿಡಿದ ನಾಲ್ವರು.

"ಬಾಜೂಕ ಸರಿ ಬೇ. ಒಳಗದಾನಂತ ನಮಗ ಸುದ್ದಿ ಅದ."

"ನನ್ನ ದಾಟಿಕೊಂಡು ಹೋಗು. ಹೆತ್ತಾಕಿ ಎದಿ ಮ್ಯಾಲ ಕಾಲಿಟ್ಟು ಹೋಗು."

ನಾನು ಆಯಿಯ ಕೈಕೆಳಗೆ ನುಸುಳಿ ಕಾಕಾನ ಎದುರು ನಿಂತೆ.

"ಕಾಕಾ, ದೀಪ ಆರೇದ."

ಅವನ ಮುಖದಲ್ಲಿ ಆದದ್ದನ್ನು ನಾನು ಬರೆಯಲಾರೆ. ಕೈಯಲ್ಲಿದ್ದ ಬರ್ಚಿ ಕಟ್ಟೆಯ ಮೇಲೆ ಬಿತ್ತು. ಆಯಿಯನ್ನು ಸರಿಸಿ ಪಡಸಾಲೆ, ಗಾಣದ ಕೋಣೆ ದಾಟಿ ಓಡಿದ. ಆ ನಾಲ್ವರೂ ಏನೆಂದು ತಿಳಿಯದೆ ಬೆನ್ನು ಹತ್ತಿದರು. ಕಾಕಾ ಒಂದೇ ಏಟಿಗೆ ಕಲ್ಲು ಉರುಳಿಸಿ, ಕಂಬಳಿ ತಾ ಎಂದು ಅವ್ವನಿಗೆ ಕೂಗಿ, ಅದನ್ನು ಹಗೇವಿನ ಬಾಯಲ್ಲಿ ಮೇಲೆ ಕೆಳಗೆ ಬೀಸಿ ಗಾಳಿ ಆಡಿಸಿದ. ಆಮೇಲೆ ಬೋರಲು ಮಲಗಿ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು, ಹೆಗಲವರೆಗೆ ಕೈ ಇಳಿಸಿ ತಡಕಾಡಿದ. ಒಂದು ರಟ್ಟೆ ಸಿಕ್ಕಿತು. ಅದರ ಕೆಳಗೆ ಹಗ್ಗ ತೂರಿಸಿ ಬಿಗಿದ.

"ಏನ್ ನೋಡ್ತೀರಿ? ಎಳೀರಿ!"

ಅವರು ಕುಡಗೋಲು ಕೆಳಗಿಟ್ಟು ಎಳೆದರು. ಯಾರನ್ನು ಕೊಲ್ಲಲು ಬಂದಿದ್ದರೋ ಅವನನ್ನೇ ಎಳೆಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ. ಮೊದಲು ಬಿಳಿ ಗಡ್ಡ ಮೇಲೆ ಬಂತು. ಎಳೆಯುವ ಕೈಗಳು ನಿಂತವು.

"ಮಲ್ಲಪ್ಪನವ್ರ, ಹಗ್ಗ ಬಿಡ್ರಿ" ಎಂದ ಒಬ್ಬ. "ತಾನ ಹೋಗ್ತಾನ."

ಕಾಕಾ ಬಿಡಲಿಲ್ಲ. ಹಗ್ಗ ಅವನ ಅಂಗೈಯಲ್ಲಿ ಬಿಗಿಯಾಗಿತ್ತು, ಕಣ್ಣು ಹಗೇವಿನ ಮೇಲಿತ್ತು.  ಕೊನೆಗೆ ಬಾಯಿ ಬಿಟ್ಟಾಗ ಬಂದದ್ದು ಗಡಿಯಾಚೆ ಕಲಿತ ದನಿಯಲ್ಲ, ಮನೆಯ ದನಿ.

"ಹಗೇವಿಗೆ ಇಳದವ ಮ್ಯಾಲ ಬರೂತನಾ ಯಾರೂ ಕೈ ಬಿಡಬಾರದು. ಎಳೀರಿ."

ಎಳೆದರು. ಬೇವಿನ ಬುಡದಲ್ಲಿ ಮಲಗಿಸಿದರು. ಕಾಕಾ ಮೊಣಕಾಲೂರಿ ಅವನ ಎದೆ ತಿಕ್ಕಿದ, ಮುಖಕ್ಕೆ ನೀರು ಹೊಡೆದ. ಮಾಮಾ ಒಮ್ಮೆ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟ. ಕಾಕಾನನ್ನು ನೋಡಿ, ಅವನಿಗೆ ಏನು ನೆನಪಿತ್ತೋ, "ಮಲ್ಲ್ಯಾ, ನೀ ಯಾವಾಗ ಬಂದಿ?" ಎಂದ. ಕಾಕಾ ಎದ್ದು ಕೈ ತೊಳೆದುಕೊಂಡ. ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿದ, ನನ್ನ ಕೈಯಲ್ಲಿದ್ದ ದೀಪ ಇಸಿದುಕೊಂಡು ಅದನ್ನೂ ತೂಗುಹಾಕಿದ. ಕಟ್ಟೆಯ ಮೇಲಿದ್ದ ಬರ್ಚಿ ಎತ್ತಿಕೊಂಡು, ನಡೀರಿ ಎಂದು ಆ ನಾಲ್ವರನ್ನು ಕರೆದುಕೊಂಡು ಹೋದ. ಹೋದದ್ದು ಮುಂದಿನ ಓಣಿಗೆ. ಆ ಮಧ್ಯಾಹ್ನ ಆ ಕಡೆಯಿಂದ ಹೊಗೆ ಎದ್ದಿತು, ನಮ್ಮ ಒಣಗಿಸಿದ ಬಟ್ಟೆಗೆಲ್ಲ ಅದರ ವಾಸನೆ ಹಿಡಿಯಿತು. ಒಂಬತ್ತು ಬಾಗಿಲಲ್ಲಿ ಎಂಟು ಬಾಗಿಲಿನವರ ಕತೆ ನಾನು ಹೇಳುವುದಿಲ್ಲ, ಹೇಳಬೇಕಾದವರು ಉಳಿಯಲಿಲ್ಲ.

ಎರಡು ದಿನದ ಮೇಲೆ ಅಪ್ಪ ಬಂಡಿಯಲ್ಲಿ ಮಾಮಾನನ್ನು ಹಿಂಡಿಯ ಚೀಲಗಳ ನಡುವೆ ಮಲಗಿಸಿ, ಗೋಗಿ ಎಂಬ ಊರಿನಲ್ಲಿದ್ದ ಅವನ ತಂಗಿಯ ಮನೆಗೆ ಮುಟ್ಟಿಸಿ ಬಂದ. ಅವನು ಮತ್ತೆ ರಂಗಂಪೇಟೆಗೆ ಬರಲಿಲ್ಲ. ಅವನ ಬಿಲ್ಲನ್ನು ಆಯಿ ತಂದು ನಮ್ಮ ಅಟ್ಟದಲ್ಲಿಟ್ಟಳು, ತಂತಿಯನ್ನು ಇಲಿ ಕಡಿಯಿತು. ಆ ವರ್ಷ ಮೊಹರಂ ಬಂದಾಗ ನನಗೆ ಲಾಡಿ ಕಟ್ಟುವವರಿರಲಿಲ್ಲ, ಆಯಿ ತಾನೇ ಕಟ್ಟಿದಳು. ಹೊಸ ಕನ್ನಡ ಸಾಲೆಯಲ್ಲಿ ಅಪ್ಪ ನನ್ನ ಹೆಸರನ್ನು ಬಸಮ್ಮ ಎಂದು ಬರೆಸಿದ. ಈಗಲೂ ಕಾಗದಪತ್ರದಲ್ಲಿ ನಾನು ಅವಳೇ.

ಕಾಕಾ ಊರಿಗೆ ದೊಡ್ಡ ಮನುಷ್ಯನಾದ. ಅವನನ್ನು ಸಭೆಗೆ ಕರೆಯುತ್ತಿದ್ದರು, ಅವನು ಅದೇ ಮಾತು ಆಡುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಮಾತ್ರ "ಹುಸೇನಿ, ನೀರು ತಾರವ್ವ" ಎನ್ನುತ್ತಿದ್ದ. ಆಯಿ ತೀರಿಕೊಂಡ ಮೇಲೆ ನನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ನಾನು ಅವನನ್ನು ಪ್ರೀತಿಸಿದೆ, ಅವನಿಗೆ ಹೇಸಿದೆ, ಎರಡನ್ನೂ ಬಿಡಲು ಆಗಲಿಲ್ಲ. ಅವನು ಹಾಸಿಗೆ ಹಿಡಿದ ವರ್ಷ ನಾನು ತವರಿಗೆ ಹೋಗಿದ್ದೆ. ಗಂಜಿ ಕುಡಿಸುತ್ತ, ಅರವತ್ತಕ್ಕೆ ಹತ್ತಿರವಾಗಿದ್ದ ನಾನು, ಎಂಟನೆಯ ವಯಸ್ಸಿನಿಂದ ಬಾಯಲ್ಲಿಟ್ಟುಕೊಂಡಿದ್ದದ್ದನ್ನು ಕೇಳಿದೆ.

"ಕಾಕಾ, ಅವತ್ತು ನಾ ದೀಪ ಆರೇದ ಅಂದೆ. ಅದರ ಬದ್ಲಿ ಕಾಸೀಮಸಾಬ ಮಾಮಾ ಒಳಗ ಸಾಯಾಕತ್ತಾನ ಅಂದಿದ್ರ ಬರ್ತಿದ್ದೇನು?"

ಅವನು ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿದ. ಕಿಟಕಿಯಾಚೆ ಬೇವಿನ ಗಿಡ ನೋಡಿದ. ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಹೇಳಲಿ ಎಂದೂ ಆಸೆಯಿತ್ತು.

"ಇಲ್ಲವ್ವ. ಬರ್ತಿದ್ದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದ.

"ಅದು ಗೊತ್ತಿದ್ದೇ ನೀ ಅವನ ಹೆಸರು ಹೇಳಲಿಲ್ಲೇನು, ಹುಸೇನಿ?"

ಎಂಟು ವರ್ಷದ ಹುಡುಗಿಗೆ ತನ್ನ ಕಾಕಾ ಏನೆಂದು ಗೊತ್ತಿತ್ತೋ ಇಲ್ಲವೋ ಎಂದು ನಾನು ಅವನಿಗೆ ಹೇಳಲಿಲ್ಲ. ಅವನ ಬಾಯಿ ಒರೆಸಿ, ಬಟ್ಟಲು ತೊಳೆಯಲು ಎದ್ದೆ.